ಲಿಂಕೋಪಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚುನಾವಣೆ: ಒಂದು ಮತ ಎಲ್ಲಿಗೆ ಹೋಗುತ್ತದೆ?

ನಮ್ಮ ಸಂಘದ ಯುಗಾದಿ ಕೂಟದಲ್ಲಿ ಊಟಕ್ಕೆ ಸಾಲು ನಿಂತಿದ್ದೆವು. ನನ್ನ ಮುಂದೆ ದಾವಣಗೆರೆಯ ಹುಡುಗನೊಬ್ಬ. ಇಲ್ಲಿ ಮಾಸ್ಟರ್ಸ್ ಓದುತ್ತಿದ್ದಾನೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಮೊಬೈಲು. “ನೋಡಿ ಆಂಟಿ, ಸ್ಟೂಡೆಂಟ್ ಯೂನಿಯನ್ ಎಲೆಕ್ಷನ್ ಅಂತ ಮೇಲ್ ಮೇಲೆ ಮೇಲ್ ಬರ್ತಿತ್ತು, ಎಲ್ಲ ಡಿಲೀಟ್ ಮಾಡಿದೆ. ನಾವೇನು ಈ ದೇಶದ ಸಿಟಿಜನ್ನಾ, ವೋಟು ಹಾಕೋಕೆ?” ಎಂದು ನಕ್ಕ. ಯೂನಿಯನ್ನಿಗೆ ಸದಸ್ಯ ಆಗಿದ್ದೀಯಾ ಎಂದು ಕೇಳಿದೆ. ಆಗಿದ್ದಾನಂತೆ, ಮೊದಲ ವಾರದ ಪಾರ್ಟಿಗಳ ಟಿಕೆಟ್ ಸಿಗಲಿ ಎಂದು. ಹಾಗಿದ್ದರೆ ನೀನು ಮತದಾರ, ಪೌರತ್ವಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವನು ನಂಬಲಿಲ್ಲ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು.

ಅಂದು ಸಾಲಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳ ಮಕ್ಕಳು ಈಗ ಈ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾರೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದಲೂ ಪ್ರತಿವರ್ಷ ಹೊಸ ಮುಖಗಳು ಬರುತ್ತವೆ. ಅವರಲ್ಲಿ ಹೆಚ್ಚಿನವರು ತಮ್ಮ ಜೀವನದಲ್ಲಿ ಒಮ್ಮೆಯೂ ಕಾಲೇಜು ಚುನಾವಣೆಯನ್ನು ಕಂಡವರಲ್ಲ. ಅದಕ್ಕೆ ಕಾರಣವಿದೆ, ಮುಂದೆ ಬರೆಯುತ್ತೇನೆ.

ಮೊದಲು ಊರಿನ ವಿಚಾರ. ಲಿಂಕೋಪಿಂಗ್ ಎಂದು ನಾವು ಬರೆಯುತ್ತೇವೆ, ಇಲ್ಲಿನವರ ಬಾಯಲ್ಲಿ ಅದು ಲಿನ್‌ಶೋಪಿಂಗ್. ಮೂವತ್ತೇಳು ವರ್ಷ ಇಲ್ಲಿದ್ದರೂ ನನ್ನ ನಾಲಿಗೆ ಇನ್ನೂ ತಡವರಿಸುತ್ತದೆ. ಇಲ್ಲಿನ ಉನ್ನತ ಶಿಕ್ಷಣ ಸಂಸ್ಥೆ 1975ರಲ್ಲಿ ಪೂರ್ಣ ವಿಶ್ವವಿದ್ಯಾಲಯವಾಯಿತು, ಸ್ವೀಡನ್ನಿನಲ್ಲಿ ಆರನೆಯದು. ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ವಲ್ಲ ಎಂಬಲ್ಲಿ ದೊಡ್ಡ ಕ್ಯಾಂಪಸ್, ವಿಶ್ವವಿದ್ಯಾಲಯ ಆಸ್ಪತ್ರೆಯ ಆವರಣದಲ್ಲಿ ವೈದ್ಯಕೀಯದವರು, ಪಕ್ಕದ ನೊರ್‌ಕೋಪಿಂಗ್ ಊರಿನಲ್ಲಿ ಇನ್ನೊಂದು ಕ್ಯಾಂಪಸ್.

ವಿದ್ಯಾರ್ಥಿ ಸಂಘಕ್ಕೆ ಇಲ್ಲಿ ‘ಸ್ಟುಡೆಂಟ್‌ಕೋರ್’ ಎನ್ನುತ್ತಾರೆ, ಆಡುಮಾತಿನಲ್ಲಿ ಬರೀ ‘ಕೋರ್’. ಈ ವಿಶ್ವವಿದ್ಯಾಲಯದಲ್ಲಿ ಅಂಥವು ಮೂರು. ಎಂಜಿನಿಯರಿಂಗ್ ಮತ್ತು ವಿಜ್ಞಾನದವರಿಗೆ ಲಿನ್‌ಟೆಕ್, ವೈದ್ಯಕೀಯ ಮತ್ತು ಆರೋಗ್ಯ ವಿಜ್ಞಾನದವರಿಗೆ ಕನ್ಸೆನ್ಸಸ್, ಮಾನವಿಕ, ಸಮಾಜ ವಿಜ್ಞಾನ ಮತ್ತು ಶಿಕ್ಷಕ ತರಬೇತಿಯವರಿಗೆ ಸ್ಟುಫ್. ವಲ್ಲದಲ್ಲಿರುವ ಕೋರಾಲೆನ್ ಎಂಬ ಕಟ್ಟಡ ಅವರದೇ ಮನೆ. ಬಣ್ಣಬಣ್ಣದ ಬಟ್ಟೆಯ ಬಿಲ್ಲೆಗಳನ್ನು ಹೊಲಿದುಕೊಂಡ ಓವರಾಲ್ ತೊಟ್ಟು ಸೈಕಲ್ ಮೇಲೆ ಗುಂಪಾಗಿ ಹೋಗುವ ಹುಡುಗ ಹುಡುಗಿಯರನ್ನು ನೀವೆಲ್ಲ ಕಂಡಿದ್ದೀರಿ. ಯಾವ ಬಣ್ಣದ ಓವರಾಲ್ ಎಂದರೆ ಯಾವ ವಿಭಾಗದವರು ಎಂದು ತಿಳಿಯುತ್ತದೆ. (ನಮ್ಮ ಸೋದರತ್ತೆ ಭಾರತದಿಂದ ಬಂದಿದ್ದಾಗ ಇವರನ್ನು ಮುನಿಸಿಪಾಲಿಟಿಯ ಕೆಲಸಗಾರರು ಎಂದುಕೊಂಡಿದ್ದರು.) ಹೊಸಬರ ಸ್ವಾಗತ, ಹಾಡು, ಪಾರ್ಟಿ, ಲಿನ್‌ಟೆಕ್ ನಡೆಸುವ ‘ಲಾರ್ಮ್’ ಎಂಬ ಉದ್ಯೋಗ ಮೇಳ, ಎರಡು ವರ್ಷಕ್ಕೊಮ್ಮೆ ನಡೆಯುವ ವಿದ್ಯಾರ್ಥಿ ವಾದ್ಯವೃಂದಗಳ ಹಬ್ಬ. ಕಣ್ಣಿಗೆ ಕಾಣುವುದು ಇವೆಲ್ಲ. ಹಾಗಾಗಿ ಕೋರ್ ಎಂದರೆ ಪಾರ್ಟಿ ಮಾಡುವ ಸಂಘ ಎಂದು ನಮ್ಮ ಮಕ್ಕಳು ತಿಳಿದರೆ ಅವರ ತಪ್ಪಲ್ಲ.

ಚುನಾವಣೆಯೂ ಅಷ್ಟೇ ತಣ್ಣಗೆ ನಡೆಯುತ್ತದೆ. ಮೆರವಣಿಗೆಯಿಲ್ಲ, ಮೈಕಿಲ್ಲ. ಕೆಲವು ಪೋಸ್ಟರು, ಕೆಲವು ಮೇಲ್, ಕಾರಿಡಾರಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಸದಸ್ಯರು ಮತ ಹಾಕಿ ಆರಿಸುವುದು ಅಧ್ಯಕ್ಷರನ್ನಲ್ಲ, ‘ಫುಲ್ಮೆಕ್ತಿಗೆ’ ಎಂಬ ಪ್ರತಿನಿಧಿ ಸಭೆಯನ್ನು. ನಮ್ಮ ವಿಧಾನಸಭೆ ಇದ್ದ ಹಾಗೆ ಎಂದುಕೊಳ್ಳಿ. ಆ ಸಭೆ ಬಜೆಟ್ಟು, ಧೋರಣೆ ತೀರ್ಮಾನಿಸುತ್ತದೆ, ಅಧ್ಯಕ್ಷರನ್ನೂ ಕಾರ್ಯಕಾರಿಣಿಯನ್ನೂ ಆರಿಸುತ್ತದೆ. ಆಯ್ಕೆಯಾದ ಮುಖ್ಯ ಪದಾಧಿಕಾರಿಗಳು ಒಂದು ವರ್ಷ ಓದು ನಿಲ್ಲಿಸಿ, ಸಂಭಾವನೆ ಪಡೆದು, ಪೂರ್ಣಾವಧಿ ಈ ಕೆಲಸವನ್ನೇ ಮಾಡುತ್ತಾರೆ. ಇಪ್ಪತ್ಮೂರು ವರ್ಷದ ಹುಡುಗಿಗೆ ಕಚೇರಿ, ನೌಕರರು, ಆಯವ್ಯಯದ ಹೊಣೆ.

ಉಪ್ಸಾಲ, ಸ್ಟಾಕ್‌ಹೋಮ್‌ನಂಥ ಹಳೆಯ, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಪಕ್ಷಗಳೇ ಪಟ್ಟಿ ಹಾಕಿ ಸ್ಪರ್ಧಿಸುತ್ತವೆ, ಕೆಲವು ರಾಷ್ಟ್ರೀಯ ಪಕ್ಷಗಳಿಗೆ ಹತ್ತಿರದವೂ ಹೌದು. ಇಲ್ಲಿ ಆ ಕಾವು ಇಲ್ಲ. ಅದರ ಬದಲು ಒಂದು ವಿಚಿತ್ರ ವ್ಯವಸ್ಥೆಯಿದೆ, ‘ವಾಲ್‌ಬೆರೇಡ್ನಿಂಗ್’. ಸ್ವೀಡನ್ನಿನ ಯಾವ ಸಂಘವನ್ನು ನೋಡಿದರೂ, ಫುಟ್‌ಬಾಲ್ ಕ್ಲಬ್ಬಿನಿಂದ ವಸತಿ ಸಂಘದವರೆಗೆ, ಇದು ಇದ್ದೇ ಇರುತ್ತದೆ. ಮೂರು ನಾಲ್ಕು ಜನರ ಒಂದು ಸಮಿತಿ. ಯಾವ ಹುದ್ದೆಗೆ ಯಾರು ಸರಿಹೋಗುತ್ತಾರೆ ಎಂದು ಹುಡುಕುವುದು, ಮಾತಾಡಿಸುವುದು, ಸಂದರ್ಶನ ಮಾಡುವುದು, ಕೊನೆಗೆ ಸಭೆಯ ಮುಂದೆ ಹೆಸರುಗಳನ್ನು ಶಿಫಾರಸು ಮಾಡುವುದು ಇದರ ಕೆಲಸ. ಸಭೆ ಅದನ್ನು ತಿರಸ್ಕರಿಸಿ ಬೇರೆಯವರನ್ನು ಆರಿಸಬಹುದು, ಆದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ನಮ್ಮ ಕಣ್ಣಿಗೆ ಇದು ಚುನಾವಣೆಗೆ ಮೊದಲೇ ಚುನಾವಣೆ ಮುಗಿಸಿದಂತೆ ಕಾಣುತ್ತದೆ. ಒಂದು ಗುಣ ಮಾತ್ರ ಒಪ್ಪಬೇಕು: ತಾನಾಗಿ ಎಂದೂ ನಿಲ್ಲದ, ಮಾತು ಕಡಿಮೆಯ, ಕೆಲಸ ಬಲ್ಲ ಹುಡುಗಿಯ ಬಳಿಗೆ ಇವರೇ ಹೋಗಿ “ನೀನೇಕೆ ನಿಲ್ಲಬಾರದು?” ಎಂದು ಕೇಳುತ್ತಾರೆ. ಒಂದು ದೋಷವೂ ಇದೆ. ಇವರು ಹೋಗಿ ಕೇಳುವುದು ತಮಗೆ ಗೊತ್ತಿರುವವರನ್ನು. ಸ್ವೀಡಿಷ್ ಬಾರದ, ರೀಡ್ ಬಡಾವಣೆಯ ವಿದ್ಯಾರ್ಥಿ ವಸತಿಯಲ್ಲಿ ನಾಲ್ವರು ಭಾರತೀಯರೊಂದಿಗೆ ಅಡುಗೆ ಮಾಡಿಕೊಂಡಿರುವ ನಮ್ಮ ಹುಡುಗನ ಬಾಗಿಲು ಅವರು ತಟ್ಟುವುದು ಅಪರೂಪ.

ಈಗ ತಲೆಬರಹದ ಪ್ರಶ್ನೆ. ಇಷ್ಟು ಸಪ್ಪೆ ಚುನಾವಣೆಯಲ್ಲಿ ಹಾಕಿದ ಮತ ಎಲ್ಲಿಗೆ ಹೋಗುತ್ತದೆ?

ಸ್ವೀಡನ್ನಿನ ಉನ್ನತ ಶಿಕ್ಷಣ ಕಾನೂನಿನ ಪ್ರಕಾರ, ಓದಿಗೆ ಅಥವಾ ವಿದ್ಯಾರ್ಥಿಗಳ ಸ್ಥಿತಿಗತಿಗೆ ಸಂಬಂಧಿಸಿದ ಯಾವ ತೀರ್ಮಾನವಾದರೂ, ಅದರ ಸಿದ್ಧತೆಯಾದರೂ ನಡೆಯುವಾಗ ಪ್ರತಿನಿಧಿಗಳನ್ನು ಹೊಂದಿರುವುದು ವಿದ್ಯಾರ್ಥಿಗಳ ಹಕ್ಕು. ಒಬ್ಬನೇ ಅಧಿಕಾರಿ ತೀರ್ಮಾನಿಸುವ ವಿಷಯವಾದರೆ ಮುಂಚಿತವಾಗಿ ವಿದ್ಯಾರ್ಥಿ ಪ್ರತಿನಿಧಿಗೆ ತಿಳಿಸಿ ಸಮಾಲೋಚಿಸಬೇಕು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲೇ ವಿದ್ಯಾರ್ಥಿಗಳಿಗೆ ಮೂರು ಸ್ಥಾನ. ಈ ಪ್ರತಿನಿಧಿಗಳನ್ನು ಹೆಸರಿಸುವವರು ಕುಲಪತಿಗಳಲ್ಲ, ಪ್ರೊಫೆಸರುಗಳಲ್ಲ. ಕೋರ್ ಹೆಸರಿಸುತ್ತದೆ.

ಒಂದು ಉದಾಹರಣೆ ಸಾಕು. ಪರೀಕ್ಷೆಯಲ್ಲಿ ನಕಲು ಮಾಡಿದ, ಬೇರೆಯವರ ಬರಹವನ್ನು ತನ್ನದೆಂದು ಒಪ್ಪಿಸಿದ ಆರೋಪ ಬಂದರೆ ಪ್ರಕರಣ ಶಿಸ್ತು ಮಂಡಳಿಗೆ ಹೋಗುತ್ತದೆ. ಎಚ್ಚರಿಕೆ ಕೊಡಬಹುದು, ಇಲ್ಲವೇ ಆರು ತಿಂಗಳವರೆಗೆ ಅಮಾನತು ಮಾಡಬಹುದು. 2011ರ ಶರತ್ಕಾಲದಿಂದ ಯುರೋಪಿನ ಹೊರಗಿನವರಿಗೆ ಇಲ್ಲಿ ಬೋಧನಾ ಶುಲ್ಕವಿದೆ. ಸಾಲ ಮಾಡಿ ಬಂದ ಹುಡುಗನಿಗೆ ಒಂದು ಸೆಮಿಸ್ಟರ್ ಹೋಯಿತೆಂದರೆ ಏನಾಗುತ್ತದೆಂದು ಸಾಲ ಕೊಟ್ಟ ಬ್ಯಾಂಕಿಗೂ ಊರಿನಲ್ಲಿರುವ ಅಪ್ಪನಿಗೂ ಗೊತ್ತು. ಆ ಮಂಡಳಿಯಲ್ಲಿ ಯಾರಿರುತ್ತಾರೆ? ಅಧ್ಯಕ್ಷತೆಗೆ ಕುಲಪತಿ, ನ್ಯಾಯಾಧೀಶರಾಗಿರುವ ಅಥವಾ ಹಿಂದೆ ಆಗಿದ್ದ ಒಬ್ಬ ಕಾನೂನು ಸದಸ್ಯರು, ಅಧ್ಯಾಪಕರ ಕಡೆಯ ಒಬ್ಬರು. ಅವರ ಜೊತೆಗೆ ಇಬ್ಬರು ವಿದ್ಯಾರ್ಥಿಗಳು ಕೂರುವ ಹಕ್ಕಿದೆ. ಮೂವರು ಹಿರಿಯರ ಎದುರು ಇಬ್ಬರು ಓದುವ ಮಕ್ಕಳು, ಅದೂ ಮತವಿರುವ ಸದಸ್ಯರಾಗಿ. ಉಲ್ಲೇಖ ಸರಿಯಾಗಿ ಕೊಡುವುದನ್ನೇ ಯಾರೂ ಕಲಿಸದ ಕಾಲೇಜಿನಿಂದ ಬಂದವನ ತಪ್ಪಿಗೂ ಬೇಕೆಂದೇ ಕದ್ದವನ ತಪ್ಪಿಗೂ ಇರುವ ವ್ಯತ್ಯಾಸವನ್ನು ಆ ಮೇಜಿನ ಬಳಿ ಹೇಳಬಲ್ಲವರು ಯಾರು? ನಮ್ಮ ಹುಡುಗ ಡಿಲೀಟ್ ಮಾಡಿದ ಮತ ಸುತ್ತಿ ಬಳಸಿ ತಲುಪುವುದು ಆ ಎರಡು ಕುರ್ಚಿಗಳಿಗೆ.

ಇಂಥ ಕುರ್ಚಿಯ ಬೆಲೆಯನ್ನು ನಾನು ತಿಳಿದದ್ದು ಇನ್ನೊಂದು ಬದಿಯಲ್ಲಿ ಕೂತು. ಲಿಂಕೋಪಿಂಗ್‌ನ ವೈದ್ಯಕೀಯ ಶಿಕ್ಷಣ 1986ರಿಂದ ಹೊಸ ದಾರಿ ಹಿಡಿಯಿತು: ದೊಡ್ಡ ಉಪನ್ಯಾಸಗಳ ಬದಲು ಸಣ್ಣ ಗುಂಪುಗಳು, ರೋಗಿಯ ಸಮಸ್ಯೆಯಿಂದ ಆರಂಭಿಸಿ ಕಲಿಯುವ ಪದ್ಧತಿ. 1996ರಲ್ಲಿ ವೈದ್ಯ, ದಾದಿ, ಫಿಸಿಯೋಥೆರಪಿ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ಒಟ್ಟಾಗಿ ನಡೆಸುವ ತರಬೇತಿ ವಾರ್ಡು ಶುರುವಾಯಿತು. ಆಗ ಅದು ಹೊರದೇಶದವರೂ ಬಂದು ನೋಡಿಹೋಗುವ ಪ್ರಯೋಗ. ನಾನು ಕೆಲವು ವರ್ಷ ವಿದ್ಯಾರ್ಥಿಗಳ ಕ್ಲಿನಿಕಲ್ ತರಬೇತಿಯ ವೇಳಾಪಟ್ಟಿ ಹಾಕುತ್ತಿದ್ದೆ. ಒಂದು ಸಲ ರಾತ್ರಿ ಪಾಳಿಯ ಮರುದಿನವೇ ಪರೀಕ್ಷೆ ಬೀಳುವಂತೆ ಪಟ್ಟಿ ಮಾಡಿಬಿಟ್ಟಿದ್ದೆ. ನನ್ನದೇ ಅಜಾಗರೂಕತೆ. ಸಭೆಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದ ಹುಡುಗಿ ಕೈ ಎತ್ತಿದಳು. ಎದ್ದು ನಿಲ್ಲಲಿಲ್ಲ, ‘ಮೇಡಂ’ ಎನ್ನಲಿಲ್ಲ, ನನ್ನ ಹೆಸರು ಹಿಡಿದು ಕರೆದು, “ಇದನ್ನು ಒಪ್ಪಲಾಗದು, ಎರಡು ದಿನ ಮುಂದೆ ಹಾಕೋಣವೇ?” ಎಂದಳು. ನಾನು ಬೆಳೆದ ರೀತಿಗೆ ಮುಖ ಕೆಂಪಾಯಿತು. ಪ್ರೊಫೆಸರು ತಲೆಯಾಡಿಸಿ ಬರೆದುಕೊಂಡರು, ಎರಡು ನಿಮಿಷದಲ್ಲಿ ದಿನಾಂಕ ಬದಲಾಯಿತು. ಅವಳು ಧೈರ್ಯಶಾಲಿ ಎಂದು ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ಧೈರ್ಯ ಏನು ಬಂತು, ಅದು ಅವಳ ಡ್ಯೂಟಿ” ಎಂದರು ಅವರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಾಲೇಜು. ನಾನು ಎಂಬಿಬಿಎಸ್ ಸೇರಿದ್ದು 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ವರ್ಷ. ಕರ್ನಾಟಕದ ಕಾಲೇಜುಗಳಲ್ಲಿ ಆಗ ಚುನಾವಣೆ ಎಂದರೆ ಜಾತ್ರೆ. ಜೀಪು, ಬ್ಯಾನರು, ಗೋಡೆ ಬರಹ, ಹಾಸ್ಟೆಲ್ಲಿನಲ್ಲಿ ರಾತ್ರಿ ಬಿರಿಯಾನಿ. ಯಾವ ಜಾತಿಯವರು ಯಾರ ಕಡೆ, ಯಾವ ಬ್ಲಾಕಿನವರು ಯಾರ ಕಡೆ ಎಂಬ ಲೆಕ್ಕ. ಹುಡುಗಿಯರ ಹಾಸ್ಟೆಲ್ಲಿನ ಮತ ಒಟ್ಟಿಗೆ ಬೀಳುತ್ತದೆಂದು ನಮ್ಮ ಗೇಟಿನ ಮುಂದೆ ಎರಡೂ ಪಾರ್ಟಿಯವರು ಐಸ್‌ಕ್ರೀಮ್ ಗಾಡಿ ನಿಲ್ಲಿಸುತ್ತಿದ್ದರು. ಎರಡನ್ನೂ ತಿಂದು ನಮಗೆ ಬೇಕಾದವರಿಗೆ ಹಾಕುತ್ತಿದ್ದೆವು. ನಾನು ಹೌಸ್ ಸರ್ಜನ್ ಆಗಿದ್ದ ವರ್ಷ ಫಲಿತಾಂಶದ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿಯಲ್ಲಿದ್ದೆ. ಮೂವರು ಬಂದರು. ಒಬ್ಬನ ನೆತ್ತಿ ಒಡೆದಿತ್ತು. ಕೂದಲು ಬೋಳಿಸಿ, ರಕ್ತ ಒರೆಸಿದ ಮೇಲೆ ಗುರುತು ಹತ್ತಿತು, ನನಗೆ ಅನಾಟಮಿ ನೋಟ್ಸ್ ಕೊಡುತ್ತಿದ್ದ ಹುಡುಗ. ಏಳು ಹೊಲಿಗೆ ಹಾಕಿದೆ. ಸೈಕಲ್ ಚೈನಿನ ಏಟು.

ಆ ಗೆದ್ದವರಿಗಾದರೂ ಸಿಕ್ಕಿದ್ದೇನು? ಕಾಲೇಜ್ ಡೇಗೆ ಯಾವ ಸಿನಿಮಾ ನಟರನ್ನು ಕರೆಯಬೇಕು, ಕ್ರೀಡಾ ಸಾಮಗ್ರಿಗೆ ಎಷ್ಟು, ಮ್ಯಾಗಜೀನ್ ಮುಖಪುಟಕ್ಕೆ ಯಾರ ಫೋಟೋ. ಪರೀಕ್ಷೆ, ಪಠ್ಯಕ್ರಮ, ಇಂಟರ್ನಲ್ ಅಂಕ, ಹಾಸ್ಟೆಲ್ಲಿನ ನೀರು ಇವುಗಳನ್ನು ತೀರ್ಮಾನಿಸುವ ಯಾವ ಮೇಜಿನ ಬಳಿಯೂ ಅವರಿಗೆ ಕುರ್ಚಿ ಇರಲಿಲ್ಲ. ಒಂದೇ ದಾರಿ ಉಳಿದಿತ್ತು, ಸ್ಟ್ರೈಕು. ತಲೆ ಒಡೆದುಕೊಂಡದ್ದು ಆ ಇಷ್ಟಕ್ಕೆ.

1989-90ರ ಹೊತ್ತಿಗೆ ಕರ್ನಾಟಕ ಸರ್ಕಾರ ಕಾಲೇಜು ಚುನಾವಣೆಗಳನ್ನು ನಿಷೇಧಿಸಿತು. ಗಲಭೆ, ಹೊರಗಿನ ರಾಜಕೀಯ ಪಕ್ಷಗಳ ಕೈವಾಡ ಎಂಬ ಕಾರಣ. ಆಗ ನಾನು ಇಲ್ಲಿಗೆ ಬಂದು ಸ್ವೀಡಿಷ್ ಕಲಿಯುತ್ತಿದ್ದೆ. ತಂಗಿ ಪತ್ರದಲ್ಲಿ ಬರೆದಿದ್ದಳು. “ಒಳ್ಳೆಯದಾಯಿತು, ಮಕ್ಕಳು ಓದಿಕೊಳ್ಳಲಿ” ಎಂದು ಉತ್ತರಿಸಿದೆ. ಆ ಏಳು ಹೊಲಿಗೆ ಕಣ್ಣ ಮುಂದಿತ್ತು. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹುಣ್ಣಿಗೆ ಔಷಧಿ ಹಾಕುವ ಬದಲು ಬೆರಳನ್ನೇ ಕತ್ತರಿಸಿದಂತಾಯಿತು. ಗಲಾಟೆ ಹೋಯಿತು ನಿಜ, ಆದರೆ ಇಲ್ಲದಿದ್ದ ಕುರ್ಚಿ ಬರಲಿಲ್ಲ. ಹಲವು ಕಾಲೇಜುಗಳಲ್ಲಿ ಹೆಚ್ಚು ಅಂಕ ಬಂದವರನ್ನೋ, ಅಧ್ಯಾಪಕರು ಮೆಚ್ಚಿದವರನ್ನೋ ಪ್ರತಿನಿಧಿ ಎಂದು ನೇಮಿಸುವ ರೂಢಿ ಬೆಳೆಯಿತು. ನೇಮಿಸಿದವರ ಎದುರು ನೇಮಕಗೊಂಡವನು ಕೈ ಎತ್ತುವುದುಂಟೇ?

ದೇಶದ ಮಟ್ಟದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದು ಲಿಂಗ್ಡೋ ಸಮಿತಿ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ. ಎಂ. ಲಿಂಗ್ಡೋ ಅವರ ನೇತೃತ್ವದ ಈ ಸಮಿತಿಯ ಶಿಫಾರಸುಗಳನ್ನು 2006ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಜಾರಿಗೆ ತರಲು ಹೇಳಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ, 75 ಶೇಕಡಾ ಹಾಜರಾತಿ ಬೇಕು, ಇಡೀ ಪ್ರಕ್ರಿಯೆ ಹತ್ತು ದಿನದೊಳಗೆ ಮುಗಿಯಬೇಕು. ವಾತಾವರಣ ಕೆಟ್ಟಿರುವ ಕಡೆ ನಾಮನಿರ್ದೇಶನ ಮಾಡಬಹುದು, ಆದರೆ ಅದು ತಾತ್ಕಾಲಿಕ ಎಂದೂ ಸಮಿತಿ ಹೇಳಿತ್ತು. ನಮ್ಮ ರಾಜ್ಯದಲ್ಲಿ ತಾತ್ಕಾಲಿಕವೇ ಮೂರೂವರೆ ದಶಕವಾಯಿತು. ಚುನಾವಣೆ ಮರಳಿ ಬರಲಿ ಎಂಬ ಮಾತು ಆಗಾಗ ಏಳುತ್ತದೆ, ಇತ್ತೀಚೆಗೆ ಮತ್ತೆ ಎದ್ದಿದೆ. ನನಗೆ ಕುತೂಹಲ ಇರುವುದು ಒಂದೇ: ಗೆದ್ದವರನ್ನು ಯಾವ ಸಭೆಯಲ್ಲಿ ಕೂರಿಸುತ್ತಾರೆ? ಲಿಂಗ್ಡೋ ವರದಿಯಲ್ಲಿ ಚುನಾವಣೆ ಹೇಗೆ ನಡೆಯಬೇಕೆಂಬುದಕ್ಕೆ ಸಿಕ್ಕ ಒತ್ತು ಈ ಪ್ರಶ್ನೆಗೆ ಸಿಗಲಿಲ್ಲವೆಂದು ನನ್ನ ಭಾವನೆ.

ಕನ್ನಡ ಮಕ್ಕಳೆಲ್ಲರಿಗೂ ಚುನಾವಣೆ ಅಪರಿಚಿತ ಎಂದಲ್ಲ. ಗಡಿಯಾಚೆ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿನಲ್ಲಿ ಓದುವ ಕನ್ನಡದ ಮಕ್ಕಳು ಕೇರಳದ ರೀತಿಯಂತೆ ಮತ ಹಾಕುತ್ತಾರೆ. ಅಲ್ಲಿಂದ ಒಂದು ಗಂಟೆ ದೂರದ ಮಂಗಳೂರಿನಲ್ಲಿ ಓದುವ ಅವರ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಹಾಕುವುದಿಲ್ಲ. ನಮ್ಮ ಸಂಘದಲ್ಲಿ ಕುಂಬಳೆ ಕಡೆಯ ಕುಟುಂಬವೊಂದಿದೆ. ಅವರ ಮಗಳಿಗೆ ಇಲ್ಲಿನ ಚುನಾವಣೆ ತೀರಾ ನೀರಸವೆನಿಸಿತಂತೆ. “ಘೋಷಣೆಯೇ ಇಲ್ಲದ ಎಲೆಕ್ಷನ್ನಾ?” ಎಂದಳು.

ಸ್ವೀಡನ್ನಿನಲ್ಲೂ ಎಂದೂ ಘೋಷಣೆಯಿರಲಿಲ್ಲವೆಂದಲ್ಲ. 1968ರ ಮೇ 24ರಂದು ಸ್ಟಾಕ್‌ಹೋಮ್‌ನ ವಿದ್ಯಾರ್ಥಿಗಳು ಸರ್ಕಾರದ ಶಿಕ್ಷಣ ಯೋಜನೆಯನ್ನು ವಿರೋಧಿಸಿ ಕಟ್ಟಡವೊಂದನ್ನು ಆಕ್ರಮಿಸಿಕೊಂಡರು. ಆಕ್ರಮಿಸಿದ್ದು ತಮ್ಮದೇ ಸಂಘದ ಕಟ್ಟಡವನ್ನು! ಶಿಕ್ಷಣ ಮಂತ್ರಿಯಾಗಿದ್ದ ಉಲೋಫ್ ಪಾಲ್ಮೆ ಪೊಲೀಸರನ್ನು ಕಳಿಸಿ ಕೂರದೆ ತಾವೇ ಹೋಗಿ ಅವರೊಡನೆ ವಾದಿಸಿದರು. ಅವರಿಗೂ ಅದು ಹೊಸದೇನಲ್ಲ. 1921ರಲ್ಲಿ ಹುಟ್ಟಿದ ಸ್ವೀಡನ್ನಿನ ವಿದ್ಯಾರ್ಥಿ ಸಂಘಗಳ ಒಕ್ಕೂಟಕ್ಕೆ ಐವತ್ತರ ದಶಕದ ಆರಂಭದಲ್ಲಿ ಅಧ್ಯಕ್ಷರಾಗಿದ್ದವರು ಅವರೇ.

ಆದರೆ ಇಲ್ಲಿನ ವ್ಯವಸ್ಥೆಗೂ ಕಾಯಿಲೆಯಿದೆ, ಅದು ನಮ್ಮದರ ವಿರುದ್ಧ ದಿಕ್ಕಿನದು. 2010ರ ಜುಲೈ 1ರವರೆಗೆ ಪ್ರತಿ ವಿದ್ಯಾರ್ಥಿಯೂ ಕೋರ್ ಸದಸ್ಯನಾಗಲೇಬೇಕಿತ್ತು, ಚಂದಾ ಕಟ್ಟದಿದ್ದರೆ ಪರೀಕ್ಷೆಯಿಲ್ಲ. ಯಾರನ್ನೂ ಬಲವಂತವಾಗಿ ಸಂಘಕ್ಕೆ ಸೇರಿಸಬಾರದು ಎಂಬ ತತ್ವದ ಮೇಲೆ ಆ ಕಡ್ಡಾಯವನ್ನು ತೆಗೆದರು. ಸರಿಯಾದದ್ದೇ. ಬದಲಿಗೆ ಸರ್ಕಾರ ತಲೆಗೆ ವರ್ಷಕ್ಕೆ ನೂರು ಕ್ರೋನದ ಆಸುಪಾಸು ಅನುದಾನ ಕೊಡಲಾರಂಭಿಸಿತು, ನಾಲ್ಕು ಕಾಫಿಯ ಬೆಲೆ. ಸದಸ್ಯರು ಕಡಿಮೆಯಾದರು. ಇಂದು ಕೋರ್ ಎನಿಸಿಕೊಳ್ಳಲು ಸಂಘವೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಪ್ರಜಾಸತ್ತಾತ್ಮಕವಾಗಿದ್ದೇವೆ, ಎಲ್ಲ ವಿದ್ಯಾರ್ಥಿಗಳನ್ನು ಪ್ರತಿನಿಧಿಸಬಲ್ಲೆವು ಎಂದು ತೋರಿಸಬೇಕು. ಆ ಮನ್ನಣೆಯೂ ಶಾಶ್ವತವಲ್ಲ, ಅವಧಿ ಮುಗಿದ ಮೇಲೆ ಮತ್ತೆ ಅರ್ಜಿ. ಮತದಾನ ದೇಶದ ಬಹುತೇಕ ಕಡೆ ತೀರಾ ಕಡಿಮೆ. ಅಭ್ಯರ್ಥಿಗಳಿಗಿಂತ ಸ್ಥಾನಗಳೇ ಹೆಚ್ಚಿದ್ದು ಖಾಲಿ ಉಳಿಯುವುದುಂಟು. ಕಾನೂನು ಕುರ್ಚಿ ಕೊಟ್ಟಿದೆ, ಕೂರುವವರನ್ನು ಕಾನೂನು ತಂದುಕೊಡುವುದಿಲ್ಲ. ಪ್ರತಿನಿಧಿ ಬಾರದಿದ್ದರೆ ಸಭೆ ನಿಲ್ಲುವುದೂ ಇಲ್ಲ. ಖಾಲಿ ಕುರ್ಚಿಯ ಮುಂದೆ ನಡೆದ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಬೇಗ ಮುಗಿಯುತ್ತವೆ. ಆ ಒಂದು ಕೈ ಎತ್ತಿದ್ದ ಹುಡುಗಿ ಅಂದು ಬಾರದೆ ಹೋಗಿದ್ದರೆ ನನ್ನ ವೇಳಾಪಟ್ಟಿಯೂ ಹಾಗೇ ಪಾಸಾಗುತ್ತಿತ್ತು.

ನಮ್ಮ ಮಕ್ಕಳಿಗೆ ನಿಜವಾದ ಅಡ್ಡಿ ಭಾಷೆ. ಸಭೆಗಳು, ಕಡತಗಳು ಹೆಚ್ಚಾಗಿ ಸ್ವೀಡಿಷ್‌ನಲ್ಲೇ. ಎರಡು ವರ್ಷಕ್ಕೆ ಬಂದವನು ಪ್ರತಿನಿಧಿ ಸಭೆಗೆ ನಿಲ್ಲುವುದು ಕಷ್ಟವೆಂದು ಒಪ್ಪುತ್ತೇನೆ. ಆದರೆ ಇಂಗ್ಲಿಷಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸುಗಳಿವೆ, ಅವುಗಳ ಬಗ್ಗೆ ತೀರ್ಮಾನಿಸುವ ಮಂಡಳಿಗಳಿವೆ, ಅಲ್ಲಿ ಹೊರದೇಶದ ವಿದ್ಯಾರ್ಥಿಯ ಮಾತಿಗೆ ಬೇರೆಯವರ ಮಾತಿಗಿಂತ ತೂಕ ಹೆಚ್ಚು. ಪ್ರತಿ ಕೋರ್ಸ್ ಮುಗಿದ ಮೇಲೆ ಅಭಿಪ್ರಾಯ ಕೇಳಬೇಕೆಂಬುದು ಇಲ್ಲಿ ನಿಯಮ. ಆ ನಮೂನೆಯನ್ನೂ ನಮ್ಮವರು ಡಿಲೀಟ್ ಮಾಡುತ್ತಾರೆ ಎಂದು ಕೇಳಿದ್ದೇನೆ. ಇನ್ನು ವೈಯಕ್ತಿಕ ತೊಂದರೆಯಿದ್ದರೆ ಕೋರ್‌ಗಳ ಕಡೆಯಿಂದ ‘ಸ್ಟುಡೆಂಟ್‌ಒಂಬುಡ್’ ಇರುತ್ತಾರೆ. ವಿದ್ಯಾರ್ಥಿಯ ಪರ ನಿಂತು ಸಲಹೆ ಕೊಡುವುದೇ ಅವರ ಕೆಲಸ.

ಆ ದಾವಣಗೆರೆಯ ಹುಡುಗ ಮೊನ್ನೆ ಫೋನ್ ಮಾಡಿದ್ದ. ತನ್ನ ಪ್ರೋಗ್ರಾಂನಲ್ಲಿ ವಿದ್ಯಾರ್ಥಿ ಪ್ರತಿನಿಧಿಯ ಒಂದು ಸ್ಥಾನ ಖಾಲಿಯಿದೆಯಂತೆ, ಯಾರೂ ಅರ್ಜಿ ಹಾಕಿಲ್ಲವಂತೆ. “ಮೀಟಿಂಗ್ ಇಂಗ್ಲಿಷಲ್ಲಿ ಮಾಡಿ ಅಂತ ಕೇಳಬಹುದಾ ಆಂಟಿ?” ಎಂದ. ಕೇಳು, ನನ್ನನ್ನಲ್ಲ, ಅವರನ್ನು ಎಂದೆ.